ವಿಟ್ಲಪಿಂಡಿ ಪೋಸ್ಟರ್‌ಗೆ ಬೆಳಗುವ ಅಕ್ಷರ

ಕೃಷ್ಣಾಷ್ಟಮಿ, ಅದರ ಮರುದಿನದ ವಿಟ್ಲಪಿಂಡಿ ಉತ್ಸವ ಹತ್ತಿರ ಬಂತೆಂದರೆ ಉಡುಪಿಯಲ್ಲಿ ಹುಲಿವೇಷ ತಂಡಗಳ ಪೋಸ್ಟರ್‌ಗಳು ವಾಟ್ಸ್‌ಆ್ಯಪ್ ತುಂಬ ಓಡಾಡುತ್ತವೆ. ಮಂಗಳೂರಿನಲ್ಲಿ ಇದೇ ಗೌಜಿ ದಸರಾಕ್ಕೆ. ಹೆಚ್ಚಿನವುಗಳಲ್ಲಿ ತಂಡದ ಹೆಸರು ಬೆಳಗುತ್ತಿರುತ್ತದೆ. ಅಥವಾ ಬೆಳಗಲಿ ಎಂಬುದು ಮಾಡಿದವರ ಆಸೆ. ಎಷ್ಟೋ ಸಲ ಅಕ್ಷರ ಮಸುಕಾಗಿ ಕಾಣುವುದೇ ಜಾಸ್ತಿ.

ಹೊಳಪು ಕಾಣಬೇಕಾದರೆ ಸುತ್ತ ಕತ್ತಲು ಬೇಕು. ಬಿಳಿ ಹಿನ್ನೆಲೆಯ ಮೇಲೆ ಯಾವ ಸಾಫ್ಟ್‌ವೇರ್ ತಂದರೂ ಅಕ್ಷರ ಬೆಳಗುವುದಿಲ್ಲ. ಇಷ್ಟು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಗಿಂಪ್ ಎಂಬ, ದುಡ್ಡು ಕೊಡದೇ ಸಿಗುವ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಮಾಡೋಣ.

ಫೈಲ್ ಮೆನುವಿನಲ್ಲಿ ‘ನ್ಯೂ’ ಒತ್ತಿ 1080 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ ಕೊಡಿ. ಸ್ಟೇಟಸ್‌ಗಾದರೆ ಎತ್ತರ 1920 ಇರಲಿ. ಹಿನ್ನೆಲೆಗೆ ಕಪ್ಪು ಅಥವಾ ಕಡುನೀಲಿ ತುಂಬಿ. ರಥಬೀದಿಯ ಫೋಟೊ ಹಾಕುವ ಮನಸ್ಸಿದ್ದರೆ ಹಾಕಿ, ಆದರೆ ‘ಕಲರ್ಸ್’ ಮೆನುವಿನ ‘ಕರ್ವ್ಸ್’ ತೆರೆದು ಗೆರೆಯನ್ನು ಕೆಳಕ್ಕೆ ಎಳೆದು ಚೆನ್ನಾಗಿ ಕಪ್ಪಾಗಿಸಿ.

ಈಗ ಟೆಕ್ಸ್ಟ್ ಟೂಲ್ ಹಿಡಿದು ‘ವಿಟ್ಲಪಿಂಡಿ’ ಎಂದು ಬರೆಯಿರಿ. ಗಾತ್ರ 150ರ ಸುತ್ತಮುತ್ತ, ಬಣ್ಣ ಕಿತ್ತಳೆ. ಫಾಂಟ್ ಯುನಿಕೋಡ್‌ನದ್ದೇ ಆಗಿರಬೇಕು. ಹಳೆಯ ‘ನುಡಿ’ ತಂತ್ರಾಂಶದ ಫೈಲಿನಿಂದ ಕಾಪಿ ಮಾಡಿ ತಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಬಾಲೂ ತಮ್ಮ, ಅನೇಕ್ ಕನ್ನಡ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ನನ್ನ ಓಟು ಬಾಲೂ ತಮ್ಮಕ್ಕೆ. ದಪ್ಪ, ದುಂಡು ಅಕ್ಷರಕ್ಕೆ ಹೊಳಪು ಒಪ್ಪುತ್ತದೆ. ಮುಂದೆ ಹೋಗುವ ಮೊದಲು ಕಾಗುಣಿತ ನೋಡಿಕೊಳ್ಳಿ. ಆಮೇಲೆ ತಿದ್ದಬೇಕಾದರೆ ನಾಲ್ಕು ಕಡೆ ತಿದ್ದಬೇಕು ಮಾರಾಯ್ರೇ.

ನಾಲ್ಕು ಯಾಕೆ? ಬರೆದ ಅಕ್ಷರ ಒಂದು ಲೇಯರ್, ಅಂದರೆ ಚಿತ್ರದ ಮೇಲಿಟ್ಟ ಪಾರದರ್ಶಕ ಹಾಳೆಯಂಥ ಪದರ. ಅದರ ಮೂರು ನಕಲು ಮಾಡಲಿಕ್ಕಿದೆ. ಶಿಫ್ಟ್, ಕಂಟ್ರೋಲ್, ಡಿ ಒಟ್ಟಿಗೆ ಒತ್ತಿದರೆ ಒಂದು ನಕಲು ಬರುತ್ತದೆ. ಎಲ್ಲಕ್ಕಿಂತ ಮೇಲಿನ ಲೇಯರ್‌ನ ಪುಟ್ಟ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿ ಬಣ್ಣವನ್ನು ಹೆಚ್ಚುಕಮ್ಮಿ ಬಿಳಿ ಮಾಡಿ, ಸ್ವಲ್ಪವೇ ಸ್ವಲ್ಪ ಹಳದಿ ಬೆರೆತ ಬಿಳಿ. ಕೆಳಗಿನ ಮೂರೂ ಕಿತ್ತಳೆಯಾಗಿಯೇ ಇರಲಿ. ಹೆಚ್ಚಿನವರು ಅಕ್ಷರಕ್ಕೂ ಕಿತ್ತಳೆಯನ್ನೇ ಬಿಡುತ್ತಾರೆ, ಅಲ್ಲೇ ಕೆಡುವುದು. ರಾತ್ರಿ ಉರಿಯುವ ಬಣ್ಣದ ದೀಪದ ಫೋಟೊ ತೆಗೆದು ನೋಡಿ: ನಡುವೆ ಬಿಳಿ, ಬಣ್ಣವೆಲ್ಲ ಸುತ್ತಲೂ. ನಾವು ಮಾಡುತ್ತಿರುವುದೂ ಅದನ್ನೇ.

ಹೊಳಪು ಹುಟ್ಟುವುದು ಕಿತ್ತಳೆ ಲೇಯರ್‌ಗಳನ್ನು ಬ್ಲರ್ ಮಾಡಿ, ಅಂದರೆ ಮಸುಕಾಗಿಸಿ ಹರಡಿದಾಗ. ಅದಕ್ಕೂ ಮೊದಲು ಅವುಗಳನ್ನು ಒಂದೊಂದಾಗಿ ಆರಿಸಿ, ಲೇಯರ್ ಮೆನುವಿನಲ್ಲಿ ‘ಲೇಯರ್ ಟು ಇಮೇಜ್ ಸೈಜ್’ ಒತ್ತಿ. ಅಕ್ಷರದ ಲೇಯರ್ ಅಕ್ಷರದಷ್ಟೇ ದೊಡ್ಡದು. ಹಾಗೇ ಬಿಟ್ಟರೆ ಹೊಳಪು ಅದರ ಅಂಚಿನಲ್ಲಿ ಕತ್ತರಿಸಿದಂತೆ ನಿಲ್ಲಬಹುದು. ಕನ್ನಡದಲ್ಲಿ ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. ಹಾಗಾಗಿ ಅಲ್ಲೇ ಮೊದಲು ಕಣ್ಣಿಗೆ ಬೀಳುತ್ತದೆ.

ಇನ್ನು ‘ಫಿಲ್ಟರ್ಸ್’, ಅದರೊಳಗೆ ‘ಬ್ಲರ್’, ಅದರೊಳಗೆ ‘ಗಾಸಿಯನ್ ಬ್ಲರ್’. ಮೊದಲ ಕಿತ್ತಳೆ ಲೇಯರ್‌ಗೆ 4, ಎರಡನೆಯದಕ್ಕೆ 15, ಮೂರನೆಯದಕ್ಕೆ 45. ಒಂದೇ ಬ್ಲರ್ ಸಾಕಾಗುವುದಿಲ್ಲ. ಹೊಳಪು ಅಕ್ಷರದ ಪಕ್ಕದಲ್ಲಿ ಜೋರಾಗಿದ್ದು ತಟ್ಟನೆ ಇಳಿಯಬೇಕು, ಮತ್ತೆ ತೆಳ್ಳಗೆ ತುಂಬ ದೂರ ಹರಡಬೇಕು. ಒಂದು ಬ್ಲರ್‌ನಿಂದ ಎರಡೂ ಆಗುವ ಮಾತಲ್ಲ. 45ರದ್ದು ತೀರಾ ಮಂಕಾಗಿ ಕಂಡರೆ ಅದರದ್ದೇ ಇನ್ನೊಂದು ನಕಲು ಮಾಡಿ. ಹಿಂದೆ ಫೋಟೊ ಇದ್ದರೆ ಬ್ಲರ್ ಆದ ಲೇಯರ್‌ಗಳ ಮೋಡ್ ‘ಸ್ಕ್ರೀನ್’ ಇರಲಿ, ಹೊಳಪು ಫೋಟೊವನ್ನು ಮುಚ್ಚದೆ ಅದರ ಮೇಲೆ ಬಿದ್ದಂತೆ ಕಾಣುತ್ತದೆ.

2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಒಂದು ಅನುಕೂಲವಿದೆ. ಫಿಲ್ಟರ್ ಲೇಯರ್‌ಗೆ ಅಂಟಿಕೊಳ್ಳದೆ ಬೇರೆಯಾಗಿ ನಿಲ್ಲುತ್ತದೆ, 15ನ್ನು ಆಮೇಲೆ 20 ಮಾಡಿ ನೋಡಬಹುದು. ಹಳೆಯ 2.10ರಲ್ಲಿ ಅನ್‌ಡೂ ಒಂದೇ ಗತಿ.

ಒಂದು ಎಚ್ಚರಿಕೆ. ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು. ಒಳಗಿನ ಹೊಳಪು ಜಾಸ್ತಿಯಾದರೆ ಆ ಗೀಟು ಮುಳುಗಿ ಹೋಗುತ್ತದೆ. ಪರದೆಯಲ್ಲಿ ಪೋಸ್ಟರನ್ನು ಬೆರಳುದ್ದಕ್ಕೆ ಸಣ್ಣದು ಮಾಡಿ ಓದಿ. ಮೊಬೈಲ್ ಗ್ರೂಪಿನಲ್ಲಿ ಜನ ನೋಡುವುದು ಅಷ್ಟನ್ನೇ. ಮತ್ತೆ, ಹೊಳಪು ಒಂದೇ ಸಾಲಿಗೆ ಸಾಕು. ದಿನಾಂಕ, ಸ್ಥಳ, ಫೋನ್ ನಂಬರು, ಪ್ರಾಯೋಜಕರ ಹೆಸರು ಎಲ್ಲಕ್ಕೂ ಹಾಕಿದರೆ ಯಾವುದೂ ಕಾಣುವುದಿಲ್ಲ, ಅಲ್ವಾ?

ಫೋಟೊಶಾಪ್ ಇದ್ದವರಿಗೆ ಲೇಯರ್ ಸ್ಟೈಲ್‌ನಲ್ಲೇ ‘ಔಟರ್ ಗ್ಲೋ’ ಇದೆ, ಬೇಗ ಆಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆದು ಬಂದರೆ ಪ್ರಿಫರೆನ್ಸಸ್‌ನ ‘ಟೈಪ್’ ವಿಭಾಗದಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಆರಿಸಿ, ಫೋಟೊಶಾಪ್ ಮುಚ್ಚಿ ತೆರೆಯಿರಿ.

ಕೆಲಸವನ್ನು ಗಿಂಪ್‌ನದ್ದೇ ಆದ ಎಕ್ಸ್‌ಸಿಎಫ್ ಫೈಲಾಗಿ ಸೇವ್ ಮಾಡಿಟ್ಟುಕೊಳ್ಳಿ. ಕಳಿಸಲಿಕ್ಕೆ ‘ಎಕ್ಸ್‌ಪೋರ್ಟ್ ಆ್ಯಸ್’ ಒತ್ತಿ ಪಿಎನ್‌ಜಿ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತದೆ, ಹೊಳಪು ಕತ್ತಲಿಗೆ ಕರಗುವ ಜಾಗದಲ್ಲಿ ಪಟ್ಟೆಗಳು ಏಳಬಹುದು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಆ ತೊಂದರೆ ಇಲ್ಲ.

ಫ್ಲೆಕ್ಸ್‌ನ ಕಥೆ ಬೇರೆ. ಪರದೆ ಬೆಳಕನ್ನು ಹೊರಗೆ ಬಿಡುತ್ತದೆ, ಶಾಯಿಗೆ ಅದು ಆಗುವುದಿಲ್ಲ. ಪರದೆಯಲ್ಲಿ ಮಿಂಚುವ ನೀಲಿ, ಹಸಿರು ಅಚ್ಚಿನಲ್ಲಿ ಸಪ್ಪೆಯಾಗುತ್ತವೆ. ಹಳದಿ, ಕಿತ್ತಳೆ ಸ್ವಲ್ಪ ಮರ್ಯಾದೆ ಉಳಿಸುತ್ತವೆ. 1080ರ ಫೈಲನ್ನೇ ಹಿಗ್ಗಿಸಿ ಕೊಡಬೇಡಿ, ದೊಡ್ಡ ಅಳತೆಯಲ್ಲಿ ಹೊಸದಾಗಿ ಮಾಡಿ. ಅಳತೆ ಎರಡು ಪಟ್ಟಾದರೆ ಬ್ಲರ್ ಕೂಡ ಎರಡು ಪಟ್ಟು: 8, 30, 90. ಕೊಡುವ ಮೊದಲು ಎ4 ಹಾಳೆಯಲ್ಲಿ ಒಂದು ಕಲರ್ ಪ್ರಿಂಟ್ ತೆಗೆದು ನೋಡಿ. ಹೊರಗಿನ ಹೊಳಪು ಕಲೆ ಹತ್ತಿದ ಹಾಗೆ ಕಂಡರೆ ಆ ಒಂದು ಲೇಯರನ್ನು ತೆಗೆದುಬಿಡಿ.