ಮೇಫ್ಲೈ ಮರಿಗಳಿಗಾಗಿ ತೊರೆಗಿಳಿದೆ

ಮೊದಲ ವರ್ಷ ನಾನು ತೆಗೆದ ಚಿತ್ರಗಳೆಲ್ಲ ಬಿಳಿ ತಟ್ಟೆಯಲ್ಲಿ ತೆಗೆದವು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಡುಭಾಗದಲ್ಲಿರುವ ರೋತ್‌ರಾಕ್ ಅರಣ್ಯದ ಒಂದು ಟ್ರೌಟ್ ಮೀನಿನ ತೊರೆಯಲ್ಲಿ ಕಲ್ಲು ಎತ್ತುವುದು, ಅದಕ್ಕೆ ಕಚ್ಚಿಕೊಂಡ ಮೇಫ್ಲೈ (ಮರಿಯಾಗಿ ನೀರಿನಲ್ಲಿ ಬೆಳೆದು, ಕೊನೆಗೆ ರೆಕ್ಕೆ ಪಡೆದು ಹಾರುವ ಕೀಟ) ಮರಿಯನ್ನು ಮೆತ್ತನೆಯ ಕುಂಚದಿಂದ ತಟ್ಟೆಗೆ ಇಳಿಸುವುದು, ಮೇಲಿನಿಂದ ಕ್ಯಾಮೆರಾ ಹಿಡಿಯುವುದು. ಚಿತ್ರಗಳು ಸ್ಪಷ್ಟವಾಗಿಯೇ ಬರುತ್ತಿದ್ದವು. ಆದರೆ ಏಪ್ರಿಲ್‌ನ ಒಂದು ಮಧ್ಯಾಹ್ನ, ಈಪಿಯೋರಸ್ ಎಂಬ ಮೇಫ್ಲೈ ಕುಲದ ಮರಿಯೊಂದು ನಾನು ಬೆಳಕು ಹೊಂದಿಸುತ್ತಿದ್ದಂತೆಯೇ ಕಾಲು ಸಡಿಲಿಸಿ ಸತ್ತುಹೋಯಿತು. ರಭಸದ ನೀರಿನಲ್ಲಿ ಬಾಳುವ ಹುಳು ಅದು. ಅದರ ಹೊಟ್ಟೆಯ ಇಕ್ಕೆಲದ ಕಿವಿರುಗಳಿಗೆ ಉಸಿರು ತಂದುಕೊಡುವುದು ನೀರಿನ ಓಟ. ನಿಂತ ನೀರಿನಲ್ಲಿ ನಾನು ಅದರ ಉಸಿರು ಕಟ್ಟಿಸಿದ್ದೆ. ಆ ತಟ್ಟೆಯನ್ನು ಮತ್ತೆಂದೂ ತೊರೆಗೆ ಒಯ್ಯಲಿಲ್ಲ. ಹುಳುವಿನ ಚಿತ್ರ ಬೇಕಿದ್ದರೆ ನಾನೇ ಅದರ ನೀರಿಗೆ ಇಳಿಯಬೇಕು ಎಂದು ತೀರ್ಮಾನಿಸಿದೆ.

ಈ ಹುಳುಗಳು ನನಗೆ ಹೊಸಬರಲ್ಲ. ಮಲೆನಾಡಿನ ಹಳ್ಳದಲ್ಲಿ ಏಡಿ ಹುಡುಕುತ್ತಾ ಕಲ್ಲು ಮಗುಚುತ್ತಿದ್ದ ಕಾಲದಲ್ಲಿ ಇದೇ ಬಳಗದ ಚಪ್ಪಟೆ ಮರಿಗಳು ಬೆರಳ ಮೇಲೆ ಹರಿದು ಹೋಗುತ್ತಿದ್ದವು. ಅಲ್ಲಿ ಟ್ರೌಟ್ ಇರಲಿಲ್ಲ, ನನಗೆ ಅವುಗಳ ಹೆಸರೂ ತಿಳಿದಿರಲಿಲ್ಲ. ಕಾಲಿನ ತುದಿಯಲ್ಲಿ ಒಂದೇ ಉಗುರಿದ್ದರೆ ಮೇಫ್ಲೈ, ಎರಡಿದ್ದರೆ ಅದರಂತೆಯೇ ನೀರಿನಲ್ಲಿ ಬೆಳೆಯುವ ಇನ್ನೊಂದು ಕೀಟ ಸ್ಟೋನ್‌ಫ್ಲೈ ಎಂಬ ಗುರುತನ್ನು ಕಲಿತದ್ದು ಇಲ್ಲಿ, ಬಹಳ ತಡವಾಗಿ. ಬಾಲ ಎಣಿಸಿದರೆ ಮೋಸಹೋಗುತ್ತೇವೆ. ಬಹುತೇಕ ಮೇಫ್ಲೈ ಮರಿಗಳಿಗೆ ಮೂರು ಬಾಲಗಳಿದ್ದರೂ ಈಪಿಯೋರಸ್‌ಗೆ ಇರುವುದು ಎರಡೇ.

ನನ್ನ ಕ್ಯಾಮೆರಾ ಒಲಿಂಪಸ್ ಟಿಜಿ-6. ಅಂಗೈಯಲ್ಲಿ ಹಿಡಿಸುತ್ತದೆ, 15 ಮೀಟರ್ ಆಳದವರೆಗೆ ಹೊರಕವಚವಿಲ್ಲದೆ ನೀರು ತಡೆಯುತ್ತದೆ, 1 ಸೆಂಟಿಮೀಟರ್ ದೂರದಲ್ಲಿರುವುದನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ. ಮೊಣಕಾಲುದ್ದದ ನೀರಿಗೆ ಇದಕ್ಕಿಂತ ದೊಡ್ಡ ಸಲಕರಣೆ ಬೇಡ. ಅದರದೇ ಫ್ಲಾಶ್ ಬಳಸಿದರೆ ಮಾತ್ರ ತೇಲುವ ಒಂದೊಂದು ಕಣವೂ ಬಿಳಿ ಚುಕ್ಕೆಯಾಗಿ ಹೊಳೆದು ಚಿತ್ರ ಹಾಳಾಗುತ್ತದೆ. ಹಾಗಾಗಿ ಫ್ಲಾಶ್ ಆರಿಸಿ, ಎಡಗೈಯಲ್ಲಿ ಸಣ್ಣ ಡೈವಿಂಗ್ ಟಾರ್ಚ್ ಹಿಡಿದು ಪಕ್ಕದಿಂದ ಬೆಳಕು ಬಿಡುತ್ತೇನೆ. ಓರೆ ಬೆಳಕಿನಲ್ಲಿ ಕಿವಿರುಗಳ ಪದರ ಒಂದೊಂದಾಗಿ ಬಿಡಿಸಿಕೊಂಡು ಕಾಣುತ್ತದೆ.

ನನ್ನನ್ನು ಅತಿ ಹೆಚ್ಚು ಸತಾಯಿಸಿದ ಪ್ರಶ್ನೆ ಎಲ್ಲಿ ಮಲಗಬೇಕು ಎಂಬುದು. ಕಲ್ಲಿನ ಮೇಲುಗಡೆ, ಅಂದರೆ ನೀರು ಬರುವ ದಿಕ್ಕಿನಲ್ಲಿ ಮಲಗಿದರೆ ನಾನು ಕದಡಿದ ಮಣ್ಣೆಲ್ಲ ನೇರವಾಗಿ ಹುಳುವಿನ ಮುಖಕ್ಕೆ ಹೋಗುತ್ತದೆ. ಕೆಳಗಡೆ ಮಲಗಿದರೆ ನೀರು ತಿಳಿಯಾಗಿರುತ್ತದೆ, ಆದರೆ ಕಲ್ಲಿಗೆ ಅಂಟಿಕೊಂಡ ಮರಿಗಳು ಸಾಮಾನ್ಯವಾಗಿ ಹರಿವಿಗೆ ಮುಖ ಕೊಟ್ಟೇ ಕೂರುವುದರಿಂದ ನನಗೆ ಸಿಗುವುದು ಬರೀ ಬಾಲ. ಎಷ್ಟೋ ವಾರಗಳ ಬಾಲದ ಚಿತ್ರಗಳ ಬಳಿಕ ಉಪಾಯ ಹೊಳೆಯಿತು. ಕೆಳಗಿನಿಂದ ಬಂದು ಕಲ್ಲಿನ ಪಕ್ಕಕ್ಕೆ ದೇಹವನ್ನು ಅಡ್ಡಲಾಗಿ ಚಾಚುವುದು, ಕಾಲುಗಳನ್ನು ಹರಿವಿನ ಕೆಳಗೇ ಬಿಡುವುದು, ಕ್ಯಾಮೆರಾ ಹಿಡಿದ ಕೈಯನ್ನಷ್ಟೇ ಮುಂದೆ ಬಳಸಿ ತರುವುದು. ಆಮೇಲೆ ಅಲುಗಾಡದೆ ಐದು ನಿಮಿಷ ಕಾಯುವುದು. ಬಿರುಕಿಗೆ ಓಡಿದ್ದ ಹುಳು ಮರಳಿ ಬರುತ್ತದೆ.

ಏಪ್ರಿಲ್‌ನಲ್ಲಿ ಇಲ್ಲಿನ ನೀರು 8 ಡಿಗ್ರಿಯಷ್ಟು ಇರುತ್ತದೆ. 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ತೊಟ್ಟರೂ ಇಪ್ಪತ್ತು ನಿಮಿಷಕ್ಕೆ ಬೆರಳು ಮಾತು ಕೇಳುವುದಿಲ್ಲ. ನನ್ನ ಹೆಂಡತಿ ದಡದಲ್ಲಿ ಗಡಿಯಾರ ನೋಡುತ್ತಾ ಕೂರುತ್ತಾಳೆ. ಅವಳಿಲ್ಲದೆ ನಾನು ಇಳಿಯುವುದಿಲ್ಲ. ಹತ್ತಿರದ ಸ್ಪ್ರಿಂಗ್ ಕ್ರೀಕ್‌ನಲ್ಲಿ ನ್ಯೂಜಿಲೆಂಡ್ ಮೂಲದ ಪುಟ್ಟ ಬಸವನಹುಳು ನೆಲೆಯೂರಿಬಿಟ್ಟಿದೆ. ಅದು ನನ್ನ ಬೂಟಿನಲ್ಲಿ ಕುಳಿತು ಬೇರೆ ತೊರೆಗೆ ಹೋಗಬಾರದು. ಆದ್ದರಿಂದ ಬೂಟನ್ನು ತಿಕ್ಕಿ ತೊಳೆದು, ಒಂದು ರಾತ್ರಿ ಫ್ರೀಜರಿನಲ್ಲಿಟ್ಟ ಮೇಲೆಯೇ ಮುಂದಿನ ತೊರೆಗೆ ಹಾಕಿಕೊಳ್ಳುತ್ತೇನೆ.

ಹಗಲಿಗಿಂತ ಇರುಳು ಮೇಲು. ಹಗಲಿನಲ್ಲಿ ಮರಿಗಳು ಬೆಳಕಿಗೆ ಅಂಜಿ ಕಲ್ಲಿನ ಅಡಿಯಲ್ಲಿರುತ್ತವೆ, ಕತ್ತಲಾದೊಡನೆ ಪಾಚಿ ಮೇಯಲು ಮೇಲೆ ಬರುತ್ತವೆ. ಮಧ್ಯಾಹ್ನ ಬೋಳಾಗಿದ್ದ ಅದೇ ಕಲ್ಲಿನ ಮೇಲೆ ಜೂನ್ ತಿಂಗಳ ರಾತ್ರಿ ಹತ್ತು ಗಂಟೆಗೆ ಹಿಂಡೇ ಮೇಯುತ್ತಿತ್ತು. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣದು. ಟಾರ್ಚಿನ ಗಾಜಿಗೆ ಕೆಂಪು ಹಾಳೆ ಕಟ್ಟಿ ಹುಡುಕಿ, ಚಿತ್ರದ ಕ್ಷಣಕ್ಕೆ ಮಾತ್ರ ಬಿಳಿ ಬೆಳಕು ಬಿಡುತ್ತೇನೆ. ಬೀಟಿಸ್ ಎಂಬ ಇನ್ನೊಂದು ಮೇಫ್ಲೈ ಕುಲದ ಮರಿಗಳು ಆ ಒಂದು ಕ್ಷಣವನ್ನೂ ಕೊಡುವುದಿಲ್ಲ, ಮೀನುಮರಿಯಂತೆ ಬಾಲ ಬಡಿದು ಮಾಯವಾಗುತ್ತವೆ. ಪೆನ್ಸ್ ಕ್ರೀಕ್‌ನ ಹೆಸರಾಂತ ಗ್ರೀನ್ ಡ್ರೇಕ್ ಎಂಬ ಮೇಫ್ಲೈಯ ಮರಿಗಳಂತೂ ಹೂಳಿನಲ್ಲಿ ಬಿಲ ಕೊರೆದು ಬದುಕುತ್ತವೆ. ಅವುಗಳ ಬಿಲ ಕೆದಕುವುದು ಬೇಡವೆಂದು ಬಿಟ್ಟಿದ್ದೇನೆ.

ಕಳೆದ ಏಪ್ರಿಲ್‌ನಲ್ಲಿ ಮತ್ತೆ ಅದೇ ತೊರೆ, ಅದೇ ಈಪಿಯೋರಸ್. ಕಲ್ಲಿನ ಬದಿಯಲ್ಲಿ ಕೂತಿದ್ದ ಮರಿಯೊಂದರ ಬೆನ್ನಿನ ರೆಕ್ಕೆಮೊಗ್ಗುಗಳು ಕಪ್ಪಗಾಗಿದ್ದವು. ಹುಳು ಹೊರಬರುವ ಹೊತ್ತು ಹತ್ತಿರವಾಗಿದೆ ಎಂಬುದರ ಗುರುತು ಅದು. ಬಹಳಷ್ಟು ಮೇಫ್ಲೈಗಳು ನೀರಿನ ಮೇಲ್ಮೈಗೆ ಬಂದು ಪೊರೆ ಕಳಚುತ್ತವೆ, ಈಪಿಯೋರಸ್ ಮಾತ್ರ ತಳದಲ್ಲೇ ಕಳಚಿ, ರೆಕ್ಕೆ ಬಿಚ್ಚಿಕೊಂಡೇ ಮೇಲೇರುತ್ತದೆ. ಮೂರು ಸಲ ದಡಕ್ಕೆ ಹೋಗಿ ಮೈ ಕಾಯಿಸಿಕೊಂಡು ಬಂದೆ. ನಾಲ್ಕನೆಯ ಸಲ ಅದರ ಬೆನ್ನು ಉದ್ದಕ್ಕೆ ಸೀಳಿತು. ಬೂದು ಬಣ್ಣದ, ಮಡಿಕೆ ಬಿದ್ದ ರೆಕ್ಕೆಗಳು ಹೊರಬಂದವು. ಹಾರುವ ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಬಿಡುವ ಕೀಟಗಳು ಇಂದು ಲೋಕದಲ್ಲಿ ಮೇಫ್ಲೈಗಳು ಮಾತ್ರ, ಅಂದರೆ ನನ್ನ ಕಣ್ಣೆದುರು ಬಂದದ್ದು ಅದರ ಕೊನೆಯ ರೂಪವೂ ಅಲ್ಲ.

ಒಟ್ಟು 11 ಚಿತ್ರಗಳು ಸಿಕ್ಕವು, ಹೆಚ್ಚಿನವು ಮಸುಕು. ಏಳನೆಯದರಲ್ಲಿ ಖಾಲಿ ಪೊರೆ ಆರು ಕಾಲುಗಳಿಂದಲೂ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿದೆ, ಎರಡು ಬಾಲಗಳು ಹರಿವಿನಲ್ಲಿ ಬಾಗಿವೆ, ಚೌಕಟ್ಟಿನ ಮೇಲಂಚಿನಲ್ಲಿ ಬೂದು ರೆಕ್ಕೆಯ ತುದಿ ಬೆಳಕಿನ ಕಡೆಗೆ ಏರುತ್ತಿದೆ.