ಸಂಜೆಗೂ ಮುರಿಯದ ಅಜ್ಜಿಯ ಅಕ್ಕಿ ರೊಟ್ಟಿ

ಬೆಳಗಿನ ಜಾವ ಬೇಯಿಸಿದ ಅಕ್ಕಿ ರೊಟ್ಟಿಯನ್ನು ಸಂಜೆ ಐದು ಗಂಟೆಗೆ ನಾಲ್ಕು ಮಡಿಕೆ ಮಾಡಿದರೂ ಅದು ಮುರಿಯಬಾರದು ಎಂಬುದೇ ನನ್ನ ಗುರಿಯಾಗಿತ್ತು. ಸಕಲೇಶಪುರ ಮತ್ತು ಮೂಡಿಗೆರೆ ಕಡೆಯ ಹೋಂಸ್ಟೇಗಳಿಗೆ ರೊಟ್ಟಿ ಮಾಡಿ ಕಳಿಸುತ್ತೇನೆ ಎಂದಾಗ ನನ್ನ ಅತ್ತೆಯವರೂ ಸೇರಿದಂತೆ ಯಾರೂ ನಂಬಲಿಲ್ಲ. ಅಕ್ಕಿ ರೊಟ್ಟಿ ಒಲೆಯಿಂದ ನೇರವಾಗಿ ತಟ್ಟೆಗೆ ಬರಬೇಕು, ಡಬ್ಬಿಗೆ ಹಾಕಿದರೆ ಗಂಟೆಯೊಳಗೆ ಹಪ್ಪಳವಾಗುತ್ತದೆ ಎಂಬುದು ಎಲ್ಲರ ವಾದವಾಗಿತ್ತು. ಈಗ ಪ್ರತಿ ವಾರಾಂತ್ಯಕ್ಕೆ ಇನ್ನೂರರ ಆಸುಪಾಸಿನಲ್ಲಿ ರೊಟ್ಟಿ ಹೋಗುತ್ತದೆ. ಅವನ್ನು ಎಣಿಸಿ ಕಟ್ಟುವವರು ಅತ್ತೆಯವರೇ.

ಕುದಿಯುವ ನೀರಿಗೆ ಹಿಟ್ಟು ಸುರಿದು ಉಕ್ಕರಿಸುವುದು ಮಲೆನಾಡಿನ ಎಲ್ಲ ಮನೆಗಳಿಗೂ ಗೊತ್ತಿರುವ ಕ್ರಮ. ನನ್ನ ಅಜ್ಜಿ ಬರಿಯ ನೀರಿನ ಬದಲು ಗಂಜಿಯನ್ನು ಬಳಸುತ್ತಿದ್ದರು. ಒಂದು ಹಿಡಿ ಅಕ್ಕಿಯನ್ನು ಕಾಳು ಪೂರ್ತಿ ಕರಗುವಷ್ಟು ಬೇಯಿಸಿ, ಆ ಗಂಜಿ ಕುದಿಯುತ್ತಿರುವಾಗಲೇ ಹಿಟ್ಟು ಹಾಕಿ, ಮುಚ್ಚಿ, ಉರಿ ತಗ್ಗಿಸಿ, ಆಮೇಲೆ ಕೋಲಿನಿಂದ ತಿರುವಿ, ಕೈ ಸುಡುವಷ್ಟು ಬಿಸಿಯಿರುವಾಗಲೇ ನಾದುತ್ತಿದ್ದರು. ಆರಿದ ಹಿಟ್ಟನ್ನು ಎಷ್ಟು ನಾದಿದರೂ ರೊಟ್ಟಿಯ ಅಂಚು ಬಿರಿಯುತ್ತದೆ. ಒಂದು ಅಳತೆ ಹಿಟ್ಟಿಗೆ ಸುಮಾರು ಒಂದೂಕಾಲು ಅಳತೆ ಗಂಜಿ ಸಾಕು. ಆಷಾಢದ ಮಳೆಯಲ್ಲಿ ಹಿಟ್ಟು ತಾನೇ ತೇವ ಹಿಡಿದಿರುವುದರಿಂದ ಗಂಜಿಯನ್ನು ಸ್ವಲ್ಪ ಕಡಿಮೆ ಮಾಡುತ್ತೇನೆ. ಗಂಜಿ ಕುದಿಯುವಾಗ ಅಜ್ಜಿ ಸೇರಿಸುತ್ತಿದ್ದ ಇನ್ನೊಂದು ವಸ್ತುವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಮನೆಯಲ್ಲಿಯೇ ಉಳಿಯಲಿ.

ಹೆಚ್ಚು ಕಾಡಿದ್ದು ಹಿಟ್ಟು. ಅಂಗಡಿಯ ಪೊಟ್ಟಣದ ಹಿಟ್ಟಿನಲ್ಲಿ ಮಾಡಿದ ರೊಟ್ಟಿ ಮಧ್ಯಾಹ್ನಕ್ಕೇ ಬಿಗಿಯುತ್ತಿತ್ತು. ಹೊಸ ಅಕ್ಕಿಯ ಹಿಟ್ಟು ಮಣೆಗೆ ಅಂಟಿಕೊಂಡು ಮೇಲೇಳುತ್ತಲೇ ಇರಲಿಲ್ಲ. ಕೊನೆಗೆ ಒಂದು ವರ್ಷ ಹಳೆಯದಾದ, ಇಂಟಾನ್ ಎಂಬ ಭತ್ತದ ತಳಿಯ ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಒಳಗೆ ತುಸು ತಂಪು ಉಳಿದಿರುವಾಗಲೇ ಮಿಲ್ಲಿಗೆ ಒಯ್ಯತೊಡಗಿದೆ. ಒದ್ದೆ ಅಕ್ಕಿ ಹಾಕಿದರೆ ಕಲ್ಲು ಹಾಳಾಗುತ್ತದೆ ಎಂದು ಮಿಲ್ಲಿನವರು ಮೊದಲು ಒಪ್ಪಲಿಲ್ಲ. ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆಂದ ಮೇಲೆ ಒಪ್ಪಿದರು. ಬೀಸಿದ ಹಿಟ್ಟನ್ನು ಜರಡಿ ಹಿಡಿದು ಅಂದೇ ಹರಡಿ ಆರಿಸದಿದ್ದರೆ ಮುಗ್ಗುತ್ತದೆ.

ತಟ್ಟುವ ಕೆಲಸ ಹಗುರವಾಗಲೆಂದು ಹದಿನೆಂಟು ಸಾವಿರದಷ್ಟು ಕೊಟ್ಟು ಒತ್ತುವ ಯಂತ್ರವನ್ನೂ ತಂದು ನೋಡಿದೆವು. ಗೋಧಿ ಹಿಟ್ಟಿಗಿರುವ ಜಿಗುಟು ಅಕ್ಕಿಗೆ ಇಲ್ಲದ ಕಾರಣ ಒತ್ತಿದ ಕೂಡಲೇ ಅಂಚು ಹರಿಯುತ್ತಿತ್ತು, ತೆಳ್ಳಗಾದ ನಡುಭಾಗ ಉಬ್ಬುತ್ತಿರಲಿಲ್ಲ. ಯಂತ್ರವನ್ನು ಏಳು ಸಾವಿರಕ್ಕೆ ಮಾರಿ, ಆ ಹಣದಲ್ಲಿ ಎರಡು ದಪ್ಪ ಕಬ್ಬಿಣದ ಕಾವಲಿಗಳನ್ನು ಕೊಂಡೆ. ಕಾವಲಿಯ ಮೇಲೆ ಎರಡೂ ಬದಿ ಅರೆಬೆಂದ ರೊಟ್ಟಿಯನ್ನು ಕಾಫಿ ಗಿಡದ ಸೌದೆಯ ಕೆಂಡದ ಮೇಲೆ ಉಬ್ಬಿಸುತ್ತೇನೆ. ಗ್ಯಾಸಿನ ಉರಿಯಲ್ಲಿಯೂ ಉಬ್ಬುತ್ತದೆ, ಆದರೆ ಅಲ್ಲಲ್ಲಿ ಕಪ್ಪಾಗಿ ಸೀದ ವಾಸನೆ ಉಳಿಯುತ್ತದೆ. ರೋಬಸ್ಟಾ ಗಿಡ ಕಿತ್ತ ತೋಟಗಳಲ್ಲಿ ಸೌದೆ ಅಗ್ಗವಾಗಿಯೂ ಸಿಗುತ್ತದೆ.

ಕಟ್ಟುವ ವಿಧಾನವೂ ಸುಲಭಕ್ಕೆ ಕೂಡಿಬರಲಿಲ್ಲ. ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದವು ಬೆವತು ಮುದ್ದೆಯಾದವು. ಪೂರ್ತಿ ಆರಿಸಿ ಫ್ರಿಜ್ಜಿನಲ್ಲಿಟ್ಟವು ಇನ್ನೂ ಬೇಗ ಗಟ್ಟಿಯಾದವು. ಹಬೆ ಇಳಿದು ಬೆಚ್ಚಗಿರುವಾಗ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಹತ್ತಿ ಬಟ್ಟೆ ಹೊದಿಸಿ ಬುಟ್ಟಿಗೆ ತುಂಬಿದಾಗ ಮಾತ್ರ ಮೆದುತನ ಸಂಜೆಯವರೆಗೆ ನಿಂತಿತು. ಎಷ್ಟು ಹೊತ್ತು ಹಬೆ ಬಿಡಬೇಕೆಂಬುದನ್ನು ಕೈಯೇ ಕಲಿಯಬೇಕು.

ಒಂದು ಕಿಲೋ ಹಿಟ್ಟಿಗೆ ಮೂವತ್ತರ ಹತ್ತಿರ ರೊಟ್ಟಿಯಾಗುತ್ತದೆ. ಅಕ್ಕಿ, ಮಿಲ್ಲು, ಸೌದೆ ಮತ್ತು ಸಹಾಯಕ್ಕೆ ಬರುವ ಹೆಣ್ಣುಮಗಳ ಕೂಲಿ ಎಲ್ಲ ಸೇರಿ ರೊಟ್ಟಿಯೊಂದಕ್ಕೆ ಏಳು ರೂಪಾಯಿ ಬೀಳುತ್ತದೆ, ಹದಿನೈದಕ್ಕೆ ಕೊಡುತ್ತೇನೆ. ನಡುವೆ ಕಾಲು ಭಾಗ ರಾಗಿ ಹಿಟ್ಟು ಬೆರೆಸಿ ನೋಡಿದೆ, ರುಚಿ ಚೆನ್ನಾಗಿದ್ದರೂ ಉಬ್ಬುವುದು ಕಡಿಮೆಯಾಯಿತು. ರಾಜಮುಡಿ ಅಕ್ಕಿಯಲ್ಲಿ ಮಾಡಿದ್ದು ಮಾತ್ರ ಇಂಟಾನನ್ನೂ ಮೀರಿಸಿತು; ಗಂಜಿ ತುಸು ಹೆಚ್ಚು ಬೇಡುತ್ತದೆ, ನಸುಗೆಂಪು ಬಣ್ಣ ಕಣ್ಣಿಗೂ ಹಿತ. ಆ ಅಕ್ಕಿ ದುಬಾರಿಯಾದ್ದರಿಂದ ಎರಡು ದಿನ ಮುಂಚೆ ಹೇಳಿದವರಿಗಷ್ಟೇ ಇಪ್ಪತ್ತೆರಡು ರೂಪಾಯಿಗೆ ಮಾಡಿಕೊಡುತ್ತಿದ್ದೇನೆ.