ಉದ್ದ ಕೂದಲಿನ ತುರುಬು, ಒಂದೇ ಪಿನ್ನು: ನನ್ನ ಅನುಭವ

ಸೊಂಟ ಮುಟ್ಟುವ ದಟ್ಟ ಕೂದಲಿನ ತುರುಬನ್ನು ಒಂದೇ ಅಲಂಕಾರದ ಪಿನ್ನಿನಲ್ಲಿ ನಿಲ್ಲಿಸುತ್ತೇನೆ ಅಂದಾಗ ಜೊತೆಗೆ ತಲೆ ಅಲಂಕಾರದ ಕೆಲಸ ಮಾಡುವವರು ಯಾರೂ ನಂಬಲಿಲ್ಲ. ‘ಫೋಟೋ ತೆಗೆಯೋವರೆಗೆ ನಿಲ್ಲುತ್ತೆ ಅಷ್ಟೆ. ಆ ಪಿನ್ನು ಇರೋದೇ ಮೇಲೆ ಸಿಕ್ಕಿಸೋಕೆ’ ಅಂದರು. ಈಗ ಬೆಳಿಗ್ಗೆ ಹಾಕಿದ ತುರುಬು ರಾತ್ರಿ ಬಿಚ್ಚುವವರೆಗೂ ಜಗ್ಗುವುದಿಲ್ಲ. ಒಳಗೆ ರಬ್ಬರ್ ಬ್ಯಾಂಡ್ ಇಲ್ಲ, ಸ್ಪ್ರೇ ಇಲ್ಲ, ಬಚ್ಚಿಟ್ಟ ಕಪ್ಪು ಪಿನ್ನೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತುರುಬು ಸುತ್ತಲು ಈಗಾಗಲೇ ಗೊತ್ತಿರುವವರಿಗೆ ಮಾತ್ರ ಇದು.

ಮೊದಲು ದುಡ್ಡಿನ ಮಾತು. ಜಾಸ್ತಿ ದುಡ್ಡು ಹೋದದ್ದು ಸ್ಪ್ರೇಗೆ. ಸ್ಪ್ರೇ ಹೊಡೆದರೆ ಹೊರಗಿನ ಪದರ ಗಟ್ಟಿಯಾಗುತ್ತದೆ, ಒಳಗಿನ ಕೂದಲು ಮಾತ್ರ ಜಾರುತ್ತಲೇ ಇರುತ್ತದೆ. ಕೊನೆಗೆ ತುರುಬು ಇಡಿಯಾಗಿ ಕತ್ತಿನ ಮೇಲೆ ಇಳಿಯುತ್ತದೆ. ಆಮೇಲೆ ಹೋದದ್ದು ಪ್ಲಾಸ್ಟಿಕ್ ಪಿನ್ನುಗಳಿಗೆ. ಅಚ್ಚಿನಲ್ಲಿ ಎರಡು ಭಾಗ ಸೇರುವ ಕಡೆ ಒಂದು ಸಣ್ಣ ಏಣು ಇರುತ್ತಲ್ವಾ, ಕಣ್ಣಿಗೆ ಕಾಣಿಸುವುದಿಲ್ಲ, ಉಗುರು ಆಡಿಸಿದರೆ ಗೊತ್ತಾಗುತ್ತದೆ. ಅದು ಕೂದಲನ್ನು ಅರ್ಧಕ್ಕೇ ಕತ್ತರಿಸುತ್ತದೆ. ದಟ್ಟ ಕೂದಲಿಗೆ ಹಾಕಿದರೆ ಪಿನ್ನು ಅದರ ಕಾಲು, ಅಂದರೆ ಕೂದಲಿಗೆ ಚುಚ್ಚುವ ಕಡ್ಡಿಗಳು, ಸೇರುವ ಕಡೆಯೇ ಮುರಿಯುತ್ತದೆ. ಕಲ್ಲು ಅಂಟಿಸಿದ ಲೋಹದ ಪಿನ್ನುಗಳದ್ದು ಬೇರೆ ಕಥೆ. ಬೆವರು, ಎಣ್ಣೆ ತಾಗಿ ಅಂಟು ಬಿಡುತ್ತದೆ, ಕಲ್ಲು ಎಲ್ಲೋ ಉದುರಿರುತ್ತದೆ. ಈಗ ಕಲ್ಲನ್ನು ತಂತಿಯಲ್ಲೋ ಲೋಹದ ಹಲ್ಲಿನಲ್ಲೋ ಹಿಡಿಸಿದ ಪಿನ್ನು ಬಿಟ್ಟು ಬೇರೆ ಕೊಳ್ಳುವುದೇ ಇಲ್ಲ. ದುಬಾರಿ ನಿಜ, ಆದರೆ ಹತ್ತು ಅಗ್ಗದ ಪಿನ್ನಿನ ಲೆಕ್ಕ ಹಾಕಿದರೆ ಇದೇ ಕಡಿಮೆ.

ನನಗೆ ಕೈ ಹಿಡಿದದ್ದು ಎರಡು ಕಾಲಿನ ಪಿನ್ನು. ಒಂಟಿ ಕಡ್ಡಿ ನೋಡಲು ಚೆಂದ, ಆದರೆ ಭಾರದ ಕೂದಲಿನಲ್ಲಿ ತಿರುಗಿಬಿಡುತ್ತದೆ. ಎರಡು ಕಾಲಿದ್ದರೆ ತಿರುಗಲು ಜಾಗ ಇಲ್ಲ. ಜಪಾನಿನಲ್ಲಿ ಕನ್‌ಜಾಶಿ ಅನ್ನುವ ಹಳೆಯ ಮುಡಿ ಆಭರಣಗಳಲ್ಲಿ ಎಷ್ಟೋ ಪಿನ್ನುಗಳಿಗೆ ಎರಡು ಕಾಲೇ ಇದೆ. ಅದು ಸುಮ್ನೆ ಅಂದಕ್ಕೆ ಮಾಡಿದ್ದಲ್ಲ ಅಂತ ಕೈಯಲ್ಲಿ ಹಿಡಿದಾಗ ಅರ್ಥವಾಗುತ್ತದೆ. ನನ್ನ ಪಿನ್ನಿನ ಕಾಲು ಸುಮಾರು 12-13 ಸೆಂಟಿಮೀಟರ್, ನಡುವೆ ಎರಡೂವರೆ ಸೆಂಟಿಮೀಟರ್ ಅಂತರ. ಕಾಲು ನೆಟ್ಟಗಿರದೆ ತಲೆಯ ದುಂಡಿಗೆ ತಕ್ಕಂತೆ ಸ್ವಲ್ಪ ಬಾಗಿರಬೇಕು. ತುರುಬಿನ ಅಗಲ ಅಳೆದು, ಎರಡೂ ಕಡೆ ಒಂದೆರಡು ಸೆಂಟಿಮೀಟರ್ ಹೊರಗೆ ಬರುವಷ್ಟು ಉದ್ದ ಇಟ್ಟುಕೊಂಡರೆ ಸಾಕು.

ಸುತ್ತುವಾಗ ಕೂದಲನ್ನು ತಿರುಚುತ್ತಾ ಹೋಗಿ. ಒಂದು ಹಂತದಲ್ಲಿ ಅದು ತಾನಾಗಿಯೇ ಮಡಚಿಕೊಳ್ಳುತ್ತದೆ. ಯಾವ ಕಡೆ ಮಡಚುತ್ತದೋ ಆ ಕಡೆಗೇ ಬುಡದ ಸುತ್ತ ಸುತ್ತಿ. ಅದರ ಇಷ್ಟಕ್ಕೆ ವಿರುದ್ಧ ಸುತ್ತಿದರೆ ಯಾವ ಪಿನ್ನೂ ಹಿಡಿಯುವುದಿಲ್ಲ.

ಈಗ ನಿಜವಾದ ಕೆಲಸ. ಎಲ್ಲರೂ ಪಿನ್ನನ್ನು ನೇರವಾಗಿ ತುರುಬಿನೊಳಗೆ ಚುಚ್ಚುತ್ತಾರೆ. ಹಾಗೆ ಚುಚ್ಚಿದರೆ ಪಿನ್ನು ತುರುಬನ್ನು ಮಾತ್ರ ಹಿಡಿದಿರುತ್ತದೆ, ತಲೆಯನ್ನು ಅಲ್ಲ. ನಾನು ಮೊದಲು ಪಿನ್ನಿನ ತುದಿಯನ್ನು ತುರುಬಿನಿಂದ ಹೊರಮುಖವಾಗಿ ಹಿಡಿಯುತ್ತೇನೆ. ಹೊರಗಿನ ಸುರುಳಿಯಿಂದ ತೆಳುವಾಗಿ ಒಂದಿಷ್ಟು ಕೂದಲು ಎತ್ತಿಕೊಳ್ಳುತ್ತೇನೆ. ಪಿನ್ನನ್ನು ನೆಟ್ಟಗೆ ನಿಲ್ಲಿಸಿದರೆ ತುದಿ ನೆತ್ತಿಯ ಚರ್ಮಕ್ಕೆ ತಾಗುತ್ತದೆ. ಅಲ್ಲಿ ಬುಡದ ಕೂದಲನ್ನೂ ಸ್ವಲ್ಪ ಸೇರಿಸಿಕೊಂಡು ಪಿನ್ನನ್ನು ಪೂರ್ತಿ ಎದುರು ದಿಕ್ಕಿಗೆ ಮಗುಚುತ್ತೇನೆ. ಈಗ ತುದಿ ತುರುಬಿನ ಒಳಮುಖ. ಚರ್ಮ ಸವರುತ್ತಾ ತುರುಬಿನ ಅಡಿಯಲ್ಲಿ ತಳ್ಳಿ, ಎದುರು ಕಡೆಯ ಹೊರ ಸುರುಳಿಯಿಂದ ಮೇಲಕ್ಕೆ ತೆಗೆಯುತ್ತೇನೆ. ಮಗುಚುವಾಗ ಕೂದಲು ಬಿಗಿಯಾಗುವುದು ಕೈಗೆ ತಿಳಿಯಬೇಕು. ತಿಳಿಯದಿದ್ದರೆ ಬುಡದ ಕೂದಲು ಸಿಕ್ಕಿಲ್ಲ ಅಂತಲೇ ಲೆಕ್ಕ. ತೆಗೆದು ಮತ್ತೆ ಹಾಕಿ. ಸರಿಯಾಗಿ ಕೂತರೆ ಭಾರ ಇಡೀ ಹಿಂದಲೆಗೆ ಹಂಚಿಹೋಗುತ್ತದೆ, ತಲೆನೋವೂ ಬರುವುದಿಲ್ಲ. ಒಂದೇ ಕಡೆ ಚುರುಕ್ ಅಂದರೆ ನಾಲ್ಕೈದು ಕೂದಲು ಮಾತ್ರ ಎಳೆಯುತ್ತಿವೆ ಅಂತ ಅರ್ಥ.

ಭಾರದ ಕಲ್ಲಿನ ಪಿನ್ನಾದರೆ ಅಡ್ಡಕ್ಕೆ ಹಾಕಬೇಡಿ. ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಓರೆಯಾಗಿ ಹಾಕಿ. ಆಗ ಕಲ್ಲಿನ ಭಾರವೇ ಪಿನ್ನನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಇದನ್ನು ನೋಡಿದ ಮೇಲೆಯೇ ನಂಬದಿದ್ದವರು ಪಿನ್ನು ಎಲ್ಲಿ ಸಿಗುತ್ತೆ ಅಂತ ಕೇಳಲು ಶುರು ಮಾಡಿದ್ದು.

ನಡುವೆ ಕೆಲವು ಪ್ರಯೋಗ ಮಾಡಿದೆ. ಸ್ವೆಟರ್ ಹೆಣೆಯುವ ಲೋಹದ ಕಡ್ಡಿ ಜಾರುತ್ತದೆ, ಬಿದಿರಿನದ್ದು ನಿಲ್ಲುತ್ತದೆ. ಜಡೆ ಹೆಣೆದು ತುರುಬು ಹಾಕಿದರೆ ಗಟ್ಟಿ, ಆದರೆ ಗಾತ್ರ ಚಿಕ್ಕದಾಗುತ್ತದೆ. ಕೂದಲನ್ನು ಎರಡು ಭಾಗ ಮಾಡಿ, ಎರಡನ್ನೂ ಬಲಕ್ಕೆ ತಿರುಚಿ, ಒಂದಕ್ಕೊಂದು ಎಡಕ್ಕೆ ಹುರಿ ಹಾಕಿದರೆ ಹಗ್ಗದ ಹಾಗೆ ನಿಲ್ಲುತ್ತದೆ. ಜಾರುವ ರೇಷ್ಮೆಯಂಥ ಕೂದಲಿಗೆ ಇದೇ ನನ್ನ ಮೊದಲ ಆಯ್ಕೆ. ಅಂಥ ಕೂದಲಾದರೆ ತೊಳೆದ ದಿನ ಬೇಡ, ಮಾರನೇ ದಿನ ಹಾಕಿ.

ಮರದ ಪಿನ್ನನ್ನು ಕೊಂಡ ತಕ್ಷಣ ತಲೆಗೆ ಹಾಕುವುದಿಲ್ಲ. ಮೊದಲು 400 ನಂಬರಿನ ಉಜ್ಜುಕಾಗದದಲ್ಲಿ, ಆಮೇಲೆ ಇನ್ನೂ ನಯವಾದ 1000ದ್ದರಲ್ಲಿ ಉಜ್ಜುತ್ತೇನೆ. ಹಳೆಯ ತೆಳು ಕಾಲುಚೀಲದ ಮೇಲೆ ಎಳೆದು ನೋಡುತ್ತೇನೆ. ದಾರ ಸಿಕ್ಕಿದರೆ ಕೂದಲೂ ಸಿಕ್ಕುತ್ತದೆ. ಉಜ್ಜಿದ ಮೇಲೆ ಏನು ಸವರುತ್ತೇನೆ ಅನ್ನೋದು, ಉದ್ದ ಒಂದೇ ಸಮ ಇಲ್ಲದ ಕೂದಲಿನ ತುದಿಗಳನ್ನು ಎಲ್ಲಿ ಅಡಗಿಸುತ್ತೇನೆ ಅನ್ನೋದು, ಇವೆರಡನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದು ನನ್ನ ಹೊಟ್ಟೆಪಾಡು.

ಮೊಣಕಾಲು ಮುಟ್ಟುವ ಕೂದಲಿಗೆ ಎರಡು ಕಾಲು ಸಾಲುತ್ತಿಲ್ಲ, ಸಂಜೆಗೆ ಒಂದು ಬೆರಳಷ್ಟು ಇಳಿಯುತ್ತದೆ. ಅದಕ್ಕೆ ಮೂರು ಕಾಲಿನದ್ದೊಂದನ್ನು ಮಾಡಿಸಲು ಕೊಟ್ಟಿದ್ದೇನೆ.